ಕಾಳಜಿ ಕೇಂದ್ರದಲ್ಲಿರುವ ಮಹಿಳೆಯರ ಮನಸ್ಸಿಗೆ ಆಸರೆಯಾಗುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಆದಂತೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ನದಿತೀರದ ಕುಟುಂಬಗಳು ಮನೆ ಬಿಟ್ಟು ಕಾಳಜಿ ಕೇಂದ್ರ, ಅಂದರೆ ಸಂತ್ರಸ್ತರ ತಾತ್ಕಾಲಿಕ ಆಶ್ರಯ ತಾಣ ಸೇರಬೇಕಾಗುತ್ತದೆ. ಅಲ್ಲಿ ಸ್ವಯಂಸೇವಕರಾಗಿ ಹೋಗುವವರು ಸಮಾಧಾನದ ಮಾತಿಗಿಂತ ಮೊದಲು ಶೌಚಾಲಯದ ಬಾಗಿಲಿಗೆ ಚಿಲಕ, ದಾರಿಗೆ ದೀಪ, ಬಟ್ಟೆ ಬದಲಿಸಲು ಮತ್ತು ಹಾಲೂಡಿಸಲು ಮರೆಯಾದ ಕೋಣೆ ಇವೆಯೇ ಎಂದು ನೋಡಬೇಕು. ಭಯದಿಂದ ರಾತ್ರಿಯಿಡೀ ಎಚ್ಚರವಿರುವವರಿಗೆ ಯಾವ ಸಾಂತ್ವನವೂ ನಾಟುವುದಿಲ್ಲ.

"ಅಕ್ಕಾರ, ಊಟ ಆತೇನ್ರಿ?" ಎಂದು ಮಾತು ಆರಂಭಿಸಿದರೆ ಸಾಕು. ನಡೆದದ್ದನ್ನೆಲ್ಲ ಹೇಳುವಂತೆ ಒತ್ತಾಯಿಸಬಾರದು. ಅವರಾಗಿಯೇ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಬೇಕು. "ಅಳಬ್ಯಾಡ್ರಿ, ಜೀವಾ ಉಳದೈತಲ್ಲ" ಎನ್ನುವುದು ಒಳ್ಳೆಯ ಮನಸ್ಸಿನ ಮಾತೇ ಆದರೂ ಅವರ ನಷ್ಟವನ್ನು ಹಗುರ ಮಾಡುತ್ತದೆ. ಬಿಟ್ಟುಬಂದ ಎಮ್ಮೆ ಎಲ್ಲಿದೆ, ನೀರಲ್ಲಿ ನೆನೆದ ರೇಷನ್ ಕಾರ್ಡಿಗೆ ಯಾರನ್ನು ಕಾಣಬೇಕು ಎಂಬುದನ್ನು ವಿಚಾರಿಸಿ ಖಚಿತ ಉತ್ತರ ತಂದುಕೊಡುವುದು ಹೆಚ್ಚು ನೆಮ್ಮದಿ ನೀಡುತ್ತದೆ. ರೊಟ್ಟಿ ಬಡಿಯುವ ಕೆಲಸಕ್ಕೆ ಇಷ್ಟವಿದ್ದವರನ್ನು ಸೇರಿಸಿಕೊಳ್ಳಬಹುದು, ಆದರೆ ಅದನ್ನು ಹೆಂಗಸರ ಪಾಲಿನ ಕರ್ತವ್ಯವಾಗಿಸಬಾರದು.

ಗಂಡನ ಹೊಡೆತದ ವಿಷಯ ಹೇಳಿಕೊಂಡರೆ ಅದು ಕೇಂದ್ರದಲ್ಲಿ ಹರಡದಂತೆ ನೋಡಿಕೊಂಡು, ಅವರು ಒಪ್ಪಿದಾಗ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿಸಬೇಕು. ವಾರಗಳು ಕಳೆದರೂ ನಿದ್ದೆ, ಊಟ ಸೇರದಿದ್ದರೆ ಅಥವಾ ಬಾಣಂತಿ ಕೂಸನ್ನು ಎತ್ತಿಕೊಳ್ಳಲೂ ಒಲ್ಲೆನೆಂದರೆ, ಆಶಾ ಕಾರ್ಯಕರ್ತೆಯ ಮೂಲಕ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ, ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕೂಡಲೇ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲೇ ಕರೆದೊಯ್ಯಬೇಕು.