ಅವ್ವನ ಅಳತೆಗೆ ಕೂಡಿಸಿದ ಮನೆ

ಧಾಯರಿಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಅವ್ವನಿಗಂತ ಪ್ರಿಫ್ಯಾಬ್ ಮನೆ, ಅಂದರೆ ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿ ತಂದು ಕೂಡಿಸುವ ಮನೆ, ನಿಲ್ಲಿಸಿದ ಮೇಲೆ ಪುಣೆಯ ಕನ್ನಡದವರು ಹಲವರು ಬಂದು ನೋಡಿದರು. ಎಲ್ಲರೂ ಮೊದಲು ಕೇಳುವುದು ಖರ್ಚು. ನಾನು ಮೊದಲು ಹೇಳುವುದು ಅಳತೆ. ಇಟ್ಟಿಗೆ ಗೋಡೆಯಾದರೆ ಆಮೇಲೂ ಒಡೆದು ತಿದ್ದಬಹುದು. ಕಾರ್ಖಾನೆಯಲ್ಲಿ ಪ್ಯಾನೆಲ್ ಕತ್ತರಿಸಿಬಿಟ್ಟರೆ ಬಾಗಿಲು ಸರಿಸುವುದೂ ದೊಡ್ಡ ಕೆಲಸ.

ಅವ್ವ ಈಗ ವಾಕರ್ ಹಿಡಿದು ಓಡಾಡುತ್ತಾಳೆ. ಆದರೂ ಗಾಲಿಕುರ್ಚಿಯ ಲೆಕ್ಕವನ್ನೇ ಹಿಡಿದೆವು: ಬಾಗಿಲುಗಳು ಒಳಗಳತೆ 900 ಮಿ.ಮೀ., ಮಂಚದ ಪಕ್ಕ ಮತ್ತು ಬಚ್ಚಲಲ್ಲಿ ಕುರ್ಚಿ ತಿರುಗಲು 1500 ಮಿ.ಮೀ. ಬಯಲು ಜಾಗ. ಕೋಣೆ ಸಣ್ಣದಾಯಿತು, ಬಚ್ಚಲು ದೊಡ್ಡದಾಯಿತು. ಹಾಗೇ ಆಗಬೇಕು.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಬಚ್ಚಲಲ್ಲಿ ಆಸರೆಗೆ ಹಿಡಿಯುವ ಹಿಡಿಕೆಗಳು. ಗೋಡೆಯ ಪಫ್ ಪ್ಯಾನೆಲ್ ಅಂದರೆ ಎರಡು ತೆಳು ತಗಡು, ನಡುವೆ ಫೋಮ್. ಅದಕ್ಕೆ ಬರೀ ಸ್ಕ್ರೂ ಹೊಡೆದು ಹಿಡಿಕೆ ಕೂರಿಸಿದರೆ, ಜಾರಿದವರು ಮೈಭಾರ ಹಾಕಿದ ಗಳಿಗೆಯಲ್ಲೇ ಕಿತ್ತು ಬರುತ್ತದೆ. ಹಳೇ ಮನೆಯ ಗೋಡೆ ಪಕ್ಕ ಕಮೋಡಿನ ಎತ್ತರದ ಸ್ಟೂಲ್ ಇಟ್ಟು, ಅವ್ವನನ್ನು ಕೂರಿಸಿ ಏಳಿಸಿ, ಕೈ ಊರಿದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. “ಇಲ್ಲೇ ನೋಡಪಾ, ಕೈ ತಾನಾ ಇಲ್ಲಿಗೇ ಬರ್ತದ” ಅಂದಳು. ಅವಳ ಬಲಗೈ ಗಟ್ಟಿ, ಎಡಗೈ ಸೋಲುತ್ತದೆ. ಬಲಗಡೆ ಗೋಡೆ ಸಿಗುವಂತೆ ಕಮೋಡಿನ ಜಾಗವನ್ನೇ ಬದಲಿಸಿದೆವು. ಆ ಗೆರೆಯ ಎತ್ತರಕ್ಕೆ ಗೋಡೆಯೊಳಗೆ ಕಬ್ಬಿಣದ ಚಾನೆಲ್ ಇಟ್ಟು ಚೌಕಟ್ಟಿಗೇ ವೆಲ್ಡ್ ಮಾಡಿಸಿದೆ. ಪ್ಯಾನೆಲ್ ಮುಚ್ಚುವ ಮುಂಚೆ ನಿಂತು ನೋಡಿ, ಫೋಟೊ ತೆಗೆದಿಟ್ಟುಕೊಂಡೆ.

ಪಾಯದ ಎತ್ತರ ಇನ್ನೊಂದು ಜಗ್ಗಾಟ. ಮಳೆಗಾಲಕ್ಕೆ ಎತ್ತರ ಬೇಕು, ರ‍್ಯಾಂಪಿಗೆ ತಗ್ಗು ಬೇಕು. ರ‍್ಯಾಂಪಿನ ಇಳಿಜಾರು ಒಂದಕ್ಕೆ ಹನ್ನೆರಡು: ಒಂದಡಿ ಪಾಯಕ್ಕೆ 12 ಅಡಿ ಉದ್ದ, ಮೇಲೆ ಕೆಳಗೆ ಸಮತಟ್ಟು ಬೇರೆ. ನಾವು ಪಾಯವನ್ನು 9 ಇಂಚಿಗೆ ನಿಲ್ಲಿಸಿ, ಮಳೆನೀರು ಹರಿದುಹೋಗಲು ಬಾಗಿಲ ಮುಂದೆ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿದೆವು.

ಹೊಸ್ತಿಲು ಬೇಡ ಅಂದಾಗ ಅವ್ವ ಒಪ್ಪಲಿಲ್ಲ. ಲಕ್ಷ್ಮಿ ಎಲ್ಲಿಂದ ಬರಬೇಕು? ಅವಳ ಮಾತನ್ನು ತಳ್ಳಿಹಾಕಿ ಕಟ್ಟಿದ ಮನೆಯಲ್ಲಿ ಅವಳು ಇರುವುದಾದರೂ ಹೇಗೆ? ಒರಟು ಶಹಾಬಾದ್ ಫರ್ಶಿಯ ಪಟ್ಟಿಯೊಂದನ್ನು ನೆಲಕ್ಕೆ ಸಮನಾಗಿ ಕೂರಿಸಿದೆವು. ವಾಕರ್ ಎಡವುವುದಿಲ್ಲ, ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ತಪ್ಪುವುದಿಲ್ಲ. ಅವಳಿಗೆ ಬಗ್ಗಲಾಗದು, ನನ್ನ ಹೆಂಡತಿ ಹಚ್ಚುತ್ತಾಳೆ.

ಬೋಲ್ಟ್ ಬಿಗಿದ ಮನೆಗೆ ಪರವಾನಗಿ ಬೇಡ ಅನ್ನುವವರನ್ನು ನಂಬಬೇಡಿ. ಲೈಸೆನ್ಸ್ ಇರುವ ಆರ್ಕಿಟೆಕ್ಟ್ ಮೂಲಕವೇ ಹೋಗಿ. ಓಣಿಯ ಅಗಲ, ಮೇಲಿನ ವಿದ್ಯುತ್ ತಂತಿಗಳನ್ನೂ ನೋಡಿ. ನಮ್ಮ ಓಣಿಗೆ ಕ್ರೇನ್ ಬರುವಂತಿರಲಿಲ್ಲ, ಹಾಗಾಗಿ ಬಿಡಿ ಪ್ಯಾನೆಲ್‌ಗಳನ್ನು ಟೆಂಪೊದಲ್ಲಿ ತಂದು ಇಲ್ಲೇ ಕೂಡಿಸಿದರು. ತಗಡಿನ ಮೇಲೆ ಮಳೆಯ ಸದ್ದು ವಿಪರೀತ. ಛಾವಣಿ ಕೆಳಗೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಹಾಸಿ ಸೀಲಿಂಗ್ ಮಾಡಿಸಿ.

ಬಚ್ಚಲ ಬಾಗಿಲು ಒಳಗೆ ತೆರೆಯುವಂತಿದ್ದರೆ, ಬಿದ್ದವರ ಮೈ ಅಡ್ಡವಾಗಿ ಬಾಗಿಲೇ ತೆಗೆಯಲಾಗದು. ನಾವು ಸ್ಲೈಡಿಂಗ್ ಹಾಕಿಸಿ, ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದು ಹುಡುಕಿ ತಂದೆವು. ಅಂಥ ಚಿಲಕ ರವಿವಾರ ಪೇಠೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.