ಗೆರ್ಮಾನಿಸ್ಟಿಕ್ ಓದಲು ಹೊರಟವರಿಗೆ: ಜರ್ಮನ್ ವಿಶ್ವವಿದ್ಯಾಲಯದ ಒಳದಾರಿ

ಮೈಸೂರಿನಲ್ಲಿ ಕನ್ನಡ ಎಂ.ಎ.ಗೆ ಸೇರಿದವರಿಗೆ ಯಾರೂ ಕಾಗುಣಿತ ಹೇಳಿಕೊಡುವುದಿಲ್ಲ. ಜರ್ಮನಿಯಲ್ಲಿ 'ಗೆರ್ಮಾನಿಸ್ಟಿಕ್' ಓದುವುದೂ ಹಾಗೆಯೇ. ಅದು ಜರ್ಮನ್ ಕಲಿಸುವ ಕೋರ್ಸ್ ಅಲ್ಲ. ಜರ್ಮನ್ ಮನೆಮಾತಾಗಿರುವ ಹುಡುಗ ಹುಡುಗಿಯರು ತಮ್ಮದೇ ಭಾಷೆ, ಸಾಹಿತ್ಯವನ್ನು ಶಾಸ್ತ್ರವಾಗಿ ಓದುವ ವಿಭಾಗ ಅದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1ರಿಂದ ಸಿ1ವರೆಗೆ ಭಾಷಾ ಮಟ್ಟಗಳನ್ನು ಹತ್ತಿ ಬಂದವರು ಇದನ್ನು ಕೊನೆಯ ಮಟ್ಟವಾದ ಸಿ2 ಆಚೆಯ ಮುಂದಿನ ಮೆಟ್ಟಿಲು ಅಂದುಕೊಂಡರೆ ಮೊದಲ ಸೆಮೆಸ್ಟರಿನಲ್ಲೇ ಕಂಗಾಲಾಗುತ್ತಾರೆ.

ವಿಭಾಗ ಮೂರು ಕವಲಾಗಿ ಒಡೆದಿರುತ್ತದೆ. ಸುಮಾರು 16ನೇ ಶತಮಾನದಿಂದ ಇಂದಿನವರೆಗಿನದು ಹೊಸ ಸಾಹಿತ್ಯ. ಅದಕ್ಕೆ ಹಿಂದಿನದು ಮಧ್ಯಯುಗದ ಸಾಹಿತ್ಯ, ಅಂದರೆ ಮೆಡಿಯೆವಿಸ್ಟಿಕ್. ಮೂರನೆಯದು ಭಾಷಾವಿಜ್ಞಾನ. ಬ್ಯಾಚುಲರ್‌ನಲ್ಲಿ ಸಾಮಾನ್ಯವಾಗಿ ಮೂರರ ಪರಿಚಯವೂ ಕಡ್ಡಾಯ. 'ನನಗೆ ಕಾಫ್ಕಾ ಸಾಕು, ಧ್ವನಿಶಾಸ್ತ್ರ ಬೇಡ' ಎನ್ನುವ ಹಾಗಿಲ್ಲ.

ಜರ್ಮನ್ ಮೇಷ್ಟ್ರಾಗುವ ಆಸೆ ಇದ್ದರೆ ಸೇರುವ ಮೊದಲೇ ದಾರಿ ಸರಿಯಾಗಿ ಆರಿಸಿಕೊಳ್ಳಿ. ವಿದೇಶಿಯರಿಗೆ ಜರ್ಮನ್ ಕಲಿಸುವುದು 'ಡಾಫ್' ಎಂಬ ಬೇರೆ ವಿಷಯ. ಅದರ ಹಳೆಯ ಮನೆಗಳಲ್ಲಿ ಲೈಪ್ಸಿಗ್‌ನ ಹೆರ್ಡರ್ ಇನ್‌ಸ್ಟಿಟ್ಯೂಟ್ ಒಂದು. ವಲಸಿಗರ ಸರ್ಕಾರಿ ಭಾಷಾ ತರಗತಿಗಳಲ್ಲಿ ಪಾಠ ಮಾಡಲು ವಲಸೆ ಕಚೇರಿಯ ಅನುಮತಿ ಬೇಕು, ಡಾಫ್ ಪದವಿ ಇದ್ದರೆ ಅದು ಸಲೀಸು. ಜರ್ಮನ್ ಶಾಲೆಯಲ್ಲೇ ಕಲಿಸಬೇಕೆಂದರೆ 'ಲೇರಾಮ್ಟ್' ಎಂಬ ಶಿಕ್ಷಕ ಪದವಿಗೇ ಸೇರಬೇಕು. ಬರಿಯ ಗೆರ್ಮಾನಿಸ್ಟಿಕ್ ಪದವಿ ಹಿಡಿದು ಶಾಲೆಯ ಬಾಗಿಲು ತಟ್ಟಿದರೆ ತೆರೆಯುವುದು ಕಷ್ಟ. ಮೂರು ವರ್ಷ ಕಳೆದ ಮೇಲೆ ಇದು ಗೊತ್ತಾಗುವುದು ದುಬಾರಿ.

ಒಳಗೆ ಬರುವ ಲೆಕ್ಕ

ಪಿಯುಸಿ ಮುಗಿಸಿದ ಕೂಡಲೇ ಈ ವಿಷಯಕ್ಕೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ದಾರಿ ಎರಡು. ಒಂದೋ ಊರಲ್ಲೇ ಮಾನ್ಯತೆಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ ಪಾಸಾಗಿ ಬರುವುದು, ಇಲ್ಲವೇ ಜರ್ಮನಿಯ 'ಷ್ಟುಡಿಯೆನ್‌ಕೊಲೆಗ್'ನಲ್ಲಿ ಎರಡು ಸೆಮೆಸ್ಟರ್ ಓದಿ ಅರ್ಹತಾ ಪರೀಕ್ಷೆ ಬರೆಯುವುದು. ಎರಡನೆಯದರಲ್ಲಿ ಒಂದು ಗುಂಡಿ ಇದೆ: ಎಸ್ ಕೋರ್ಸ್ ಭಾಷಾ ವಿಷಯಗಳಿಗೆ ಎಂದು ಬರೆದಿರುತ್ತದೆ, ಆದರೆ ಗೆರ್ಮಾನಿಸ್ಟಿಕ್‌ಗೆ ಬೇಕಾದದ್ದು ಜಿ ಕೋರ್ಸ್. ನಿಮ್ಮ ಅಂಕಪಟ್ಟಿ ಯಾವ ದಾರಿಗೆ ಸಲ್ಲುತ್ತದೆಂದು 'ಅನಾಬಿನ್' ಎಂಬ ಸರ್ಕಾರಿ ದತ್ತಾಂಶ ತಾಣದಲ್ಲಿ ನೋಡಬಹುದು.

ಬಿ.ಇ. ಮುಗಿಸಿ ಸಾಹಿತ್ಯದ ಕಡೆ ಹೊರಳುವವರು ಮಾಸ್ಟರ್‌ಗೆ ಅರ್ಜಿ ಹಾಕಿ ತಿರಸ್ಕಾರ ಪಡೆಯುವುದು ಸಾಮಾನ್ಯ. ಮಾಸ್ಟರ್ ಎಂದರೆ ಅದೇ ವಿಷಯದ ಮುಂದುವರಿಕೆ ಎಂದು ಅಲ್ಲಿನವರು ಎಣಿಸುತ್ತಾರೆ, ಬ್ಯಾಚುಲರ್‌ನಲ್ಲಿ ಎಷ್ಟು ಕ್ರೆಡಿಟ್ ಗೆರ್ಮಾನಿಸ್ಟಿಕ್ ಓದಿದ್ದೀರಿ ಎಂದು ನೋಡುತ್ತಾರೆ. ಅಂಥವರು ಬ್ಯಾಚುಲರ್‌ನಿಂದಲೇ ಶುರು ಮಾಡಬೇಕು.

ಭಾರತದಲ್ಲಿ ಓದಿದವರಿಗೆ 2022ರ ನವೆಂಬರ್ 1ರಿಂದ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ, ಅಂದರೆ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ, ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ಮೊದಲ ಕೆಲಸ ಅದೇ ಆಗಲಿ. ಭಾಷಾ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಡಿಎಸ್‌ಎಚ್-2, ಇಲ್ಲವೇ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ 4 ಕೇಳುತ್ತಾರೆ. ಒಂದರಲ್ಲಿ 3, ಇನ್ನೊಂದರಲ್ಲಿ 5 ಬಂದರೆ ಸರಾಸರಿ ತೆಗೆದು ಒಪ್ಪಿಕೊಳ್ಳುತ್ತಾರೆಂಬ ಭರವಸೆ ಬೇಡ. ಈ ವಿಷಯಕ್ಕೇ ಹೆಚ್ಚಿನ ಮಟ್ಟ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಗೊಯಥೆ ಸಂಸ್ಥೆಯ (ಮ್ಯಾಕ್ಸ್ ಮುಲ್ಲರ್ ಭವನ ಅದರದೇ) ಸಿ2 ಪ್ರಮಾಣಪತ್ರ ಬಹುತೇಕ ಎಲ್ಲೆಡೆ ನಡೆಯುತ್ತದೆ, ಅದರ ಸಿ1 ಎಲ್ಲ ಕಡೆಯೂ ಅಲ್ಲ.

ಅನೇಕ ವಿಶ್ವವಿದ್ಯಾಲಯಗಳ ಅರ್ಜಿ 'ಯೂನಿ-ಅಸಿಸ್ಟ್' ಎಂಬ ಅರ್ಜಿ ಪರಿಶೀಲನಾ ಸಂಸ್ಥೆಯ ಮೂಲಕ ಹೋಗುತ್ತದೆ: ಮೊದಲನೆಯದಕ್ಕೆ 75 ಯೂರೋ, ಅದೇ ಸೆಮೆಸ್ಟರಿಗೆ ಮುಂದಿನ ಪ್ರತಿಯೊಂದಕ್ಕೂ 30. ಚಳಿಗಾಲದ ಸೆಮೆಸ್ಟರಿಗೆ ಸಾಮಾನ್ಯ ಗಡುವು ಜುಲೈ 15. ಆ ದಿನದೊಳಗೆ ಕಾಗದಪತ್ರವೂ ಹಣವೂ ಎರಡೂ ತಲುಪಿರಬೇಕು. ಜರ್ಮನ್ ಅಂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 70, ಪಾಸು 40 ಆದರೆ 2.5. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಕೊನೆ.

ಹಣದ ಮಾತು ಚಿಕ್ಕದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮೆಸ್ಟರ್ ವಂತಿಗೆ ಮಾತ್ರ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ಬೇರೆ: ಹೈಡೆಲ್‌ಬೆರ್ಗ್, ಟ್ಯುಬಿಂಗೆನ್, ಫ್ರೈಬುರ್ಗ್ ಎಲ್ಲ ಅಲ್ಲೇ ಇವೆ, ಐರೋಪ್ಯ ಒಕ್ಕೂಟದ ಹೊರಗಿನವರು ಸೆಮೆಸ್ಟರಿಗೆ 1,500 ಯೂರೋ ಕಟ್ಟಬೇಕು. ವೀಸಾಕ್ಕಾಗಿ ತಡೆಹಿಡಿದ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. 2024ರಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು.

ವೇಳಾಪಟ್ಟಿ ನಿಮ್ಮದೇ, ತಪ್ಪೂ ನಿಮ್ಮದೇ

ಬ್ಯಾಚುಲರ್ 180 ಕ್ರೆಡಿಟ್, ಆರು ಸೆಮೆಸ್ಟರ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ. ಕ್ಲಾಸಲ್ಲಿ ಕೂರುವುದು ಅದರ ಸಣ್ಣ ಪಾಲು, ಉಳಿದದ್ದು ನೀವೊಬ್ಬರೇ ಓದುವುದು. ಸಾಮಾನ್ಯವಾಗಿ ಗೆರ್ಮಾನಿಸ್ಟಿಕ್ ಜತೆಗೆ ಇನ್ನೊಂದು ವಿಷಯ ತೆಗೆದುಕೊಳ್ಳಬೇಕು. ಹೈಡೆಲ್‌ಬೆರ್ಗ್‌ನಲ್ಲಿ ಅದನ್ನು ಶೇಕಡಾದಲ್ಲಿ ಹೇಳುತ್ತಾರೆ: 75ಕ್ಕೆ 25, ಇಲ್ಲವೇ 50ಕ್ಕೆ 50. ಎರಡನೆಯ ವಿಷಯಕ್ಕೂ ಅದರದೇ ನಿಯಮ, ಗಡುವು ಇರುತ್ತದೆ.

ಯಾವ ಸೆಮೆಸ್ಟರಿನಲ್ಲಿ ಏನು ಓದಬೇಕೆಂದು ಯಾರೂ ಕೈಹಿಡಿದು ಹೇಳುವುದಿಲ್ಲ. ಪರೀಕ್ಷಾ ನಿಯಮಾವಳಿ, ಮಾಡ್ಯೂಲ್ ಕೈಪಿಡಿ ಎಂಬ ಎರಡು ಕಡತಗಳಿರುತ್ತವೆ, ನೀವು ಸೇರಿದ ವರ್ಷದ ಆವೃತ್ತಿಯೇ ನಿಮಗೆ ಅನ್ವಯ. ಸೀನಿಯರ್ ಹೇಳಿದ್ದು ಹಳೆಯ ಆವೃತ್ತಿಯದಾಗಿರಬಹುದು. ಅತಿ ಸಾಮಾನ್ಯ ತಪ್ಪು ನೋಂದಣಿಯದು: ಸೆಮಿನಾರಿಗೆ ಹೆಸರು ಕೊಟ್ಟ ಮಾತ್ರಕ್ಕೆ ಪರೀಕ್ಷೆಗೆ ಕೊಟ್ಟ ಹಾಗಲ್ಲ. ಪರೀಕ್ಷೆಗೆ ಬೇರೆ ನೋಂದಣಿ, ಬೇರೆ ಗಡುವು. ಅದು ತಪ್ಪಿದರೆ ಬರೆದ ಪ್ರಬಂಧಕ್ಕೂ ಅಂಕ ದಾಖಲಾಗದೇ ಹೋಗಬಹುದು. ಫೇಲಾದರೆ ಬರೆಯುವ ಅವಕಾಶಗಳಿಗೂ ಮಿತಿ ಇದೆ. ಅಂತಿಮವಾಗಿ ನಪಾಸು ಎಂದಾದರೆ ಅದೇ ವಿಷಯವನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದೂ ಕಷ್ಟ.

ವೇಳಾಪಟ್ಟಿಯಲ್ಲಿ 10 ಸಿ.ಟಿ. ಎಂದಿದ್ದರೆ ಕ್ಲಾಸು 10.15ಕ್ಕೆ, ಎಸ್.ಟಿ. ಎಂದಿದ್ದರೆ ಹತ್ತಕ್ಕೇ ಸರಿಯಾಗಿ.

ಅವರ ಹಳಗನ್ನಡ

ಮಧ್ಯಯುಗದ ಪರಿಚಯ ಕೋರ್ಸಿಗೆ ಜರ್ಮನ್ ವಿದ್ಯಾರ್ಥಿಗಳೂ ಹೆದರುತ್ತಾರೆ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲ ಇದೆ. ಸುಮಾರು 1050ರಿಂದ 1350ರವರೆಗಿನ ಮಧ್ಯ ಉಚ್ಚ ಜರ್ಮನ್ ಎಲ್ಲರಿಗೂ ಹೊಸದು, ಅಲ್ಲಿ ಮನೆಮಾತಿನವರು ನಿಮಗಿಂತ ಬಹಳ ಮುಂದೇನಿಲ್ಲ. ಇನ್ನು 'ಪಾಲ್' 'ಹಾಲು' ಆಯಿತು, 'ಪೂ' 'ಹೂ' ಆಯಿತು ಎಂದು ಶಾಲೆಯಲ್ಲಿ ಕಲಿತವರಿಗೆ ಧ್ವನಿ ನಿಯಮವಾಗಿ ಬದಲಾಗುತ್ತದೆ ಎಂಬುದು ಹೊಸ ವಿಚಾರವೇನೂ ಅಲ್ಲ.

ಇಲ್ಲಿನ ಬಾಯಿಪಾಠ ಎರಡು. 'ಮೀನ್ ನ್ಯೂವೆಸ್ ಹೂಸ್' ಎಂಬುದು 'ಮೈನ್ ನೊಯೆಸ್ ಹೌಸ್' ಆಯಿತು: ದೀರ್ಘ ಸ್ವರ ಒಡೆದು ಸಂಯುಕ್ತ ಸ್ವರವಾಯಿತು. 'ಲಿಎಬೆ ಗುಓಟೆ ಬ್ರ್ಯುಎಡರ್' ಎಂಬುದು 'ಲೀಬೆ ಗೂಟೆ ಬ್ರ್ಯೂಡರ್' ಆಯಿತು: ಜೋಡಿ ಸ್ವರ ಕೂಡಿ ಒಂದೇ ದೀರ್ಘವಾಯಿತು. ಈ ಎರಡು ಸಾಲು ಗಟ್ಟಿಯಾದರೆ ಪುಟದಲ್ಲಿರುವ ಎಷ್ಟೋ ಪದಗಳ ಗುರುತು ಸಿಗುತ್ತದೆ.

ಆದರೆ ಗುರುತು ಸಿಕ್ಕ ಪದವೇ ಮೋಸ ಮಾಡುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಗೊತ್ತಿಲ್ಲದ ಪದಕ್ಕಲ್ಲ, ಗೊತ್ತಿದೆ ಎಂದುಕೊಂಡ ಪದಕ್ಕೆ. ಹಳಗನ್ನಡದ 'ತಿಂಗಳ್' ಕಂಡಾಗ ಚಂದ್ರನನ್ನು ಮರೆತು ಮೂವತ್ತು ದಿನ ಎಣಿಸಿದ ಹಾಗೆ. 'ಅರೆಬೈಟ್' ಎಂದರೆ ಕೆಲಸವಲ್ಲ, ಕಷ್ಟ, ಸಂಕಟ. 'ಹೋಖ್‌ಗೆಝೀಟ್' ಇಂದಿನ ಮದುವೆಯಲ್ಲ, ಆಸ್ಥಾನದ ಉತ್ಸವ. 'ಫ್ರೌವೆ' ಕುಲೀನ ಸ್ತ್ರೀ, 'ವೀಪ್' ಯಾವುದೇ ಹೆಣ್ಣು. ಇಂದಿನ ಜರ್ಮನ್‌ನಲ್ಲಿ ಮೊದಲನೆಯದು ಎಲ್ಲ ಹೆಂಗಸರಿಗೂ ಸಲ್ಲುತ್ತದೆ, ಎರಡನೆಯದು ಬೈಗುಳದ ಹತ್ತಿರ ಬಂದಿದೆ. ಆದ್ದರಿಂದ ಮಧ್ಯಯುಗದ ವೀರಕಾವ್ಯ 'ನೀಬೆಲುಂಗೆನ್' ಓದುವಾಗ ಪರಿಚಿತ ಅನ್ನಿಸಿದ ಪದವನ್ನೇ ಮೊದಲು ನಿಘಂಟಿನಲ್ಲಿ ನೋಡಿ. ಮಧ್ಯ ಉಚ್ಚ ಜರ್ಮನ್‌ಗೆಂದೇ ಇರುವ ಲೆಕ್ಸರ್‌ನ ನಿಘಂಟು, ಗ್ರಿಮ್ ಸೋದರರು ಶುರು ಮಾಡಿದ ದೊಡ್ಡ ನಿಘಂಟು ಎರಡೂ ಅಂತರಜಾಲದಲ್ಲಿ ಉಚಿತ. ಗ್ರಿಮ್ ನಿಘಂಟಿನ ಮೊದಲ ಸಂಪುಟ 1854ರಲ್ಲಿ ಬಂತು. ಕೊನೆಯ ಅಕ್ಷರ ಮುಟ್ಟಲು ನೂರು ವರ್ಷ ದಾಟಿತು, ಸೋದರರಿಬ್ಬರೂ ಅದನ್ನು ನೋಡಲಿಲ್ಲ.

ಹೌಸ್‌ಆರ್ಬೈಟ್

ಪದಶಃ ಮನೆಗೆಲಸ. ಜರ್ಮನ್‌ನಲ್ಲಿ ಪಾತ್ರೆ ತೊಳೆಯುವುದಕ್ಕೂ ಇದೇ ಪದ, ಸೆಮಿನಾರ್ ಪ್ರಬಂಧಕ್ಕೂ ಇದೇ ಪದ. ಪದವಿಯ ನಿಜವಾದ ತೂಕ ಇರುವುದು ಇಲ್ಲಿ.

ಆರಂಭದ ಸೆಮಿನಾರಿಗೆ ಸುಮಾರು 10ರಿಂದ 15 ಪುಟ, ಮುಂದಿನ ಹಂತಕ್ಕೆ 20ರ ಆಸುಪಾಸು. ಅಕ್ಷರ 12 ಪಾಯಿಂಟ್, ಸಾಲಿನ ಅಂತರ ಒಂದೂವರೆ, ತಿದ್ದಲು ಬಲಗಡೆ ಅಗಲ ಅಂಚು. ಕ್ಲಾಸು ಫೆಬ್ರವರಿ ನಡುವೆ ಮುಗಿದರೂ ಚಳಿಗಾಲದ ಸೆಮೆಸ್ಟರ್ ಮಾರ್ಚ್ 31ರವರೆಗೆ ಇರುತ್ತದೆ, ಪ್ರಬಂಧದ ಗಡುವು ಹೆಚ್ಚಾಗಿ ಆ ಹೊತ್ತಿಗೇ ಬೀಳುತ್ತದೆ. ಆ ಆರು ವಾರವನ್ನು ರಜೆ ಎಂದು ತಿಳಿದು ಊರಿಗೆ ಟಿಕೆಟ್ ಮಾಡಿದವರು ಪುಸ್ತಕವಿಲ್ಲದ ಮನೆಯಲ್ಲಿ ಕೂತು ಪರದಾಡುತ್ತಾರೆ.

ಕ್ಲಾಸು ಮುಗಿಯುವ ಮೊದಲೇ ಅಧ್ಯಾಪಕರ ಭೇಟಿ ಸಮಯದಲ್ಲಿ ಹೋಗಿ ವಿಷಯ ಒಪ್ಪಿಸಿಕೊಳ್ಳಿ. ಬರಿಗೈಲಿ ಹೋಗಿ 'ಏನು ಬರೆಯಲಿ ಸರ್' ಎಂದು ಕೇಳಬೇಡಿ. ಒಂದು ಪುಟ ಒಯ್ಯಿರಿ: ಒಂದೇ ಪ್ರಶ್ನೆ, ಮೂಲ ಕೃತಿ, ನಾಲ್ಕೈದು ವಿಮರ್ಶಾ ಲೇಖನ, ಅಧ್ಯಾಯಗಳ ಕರಡು. ಹೆಚ್ಚಿನ ಪ್ರಬಂಧಗಳು ಸೋಲುವುದು ವಿಷಯ ಅಗಲವಾದ್ದರಿಂದ. 'ಕಾಫ್ಕಾನಲ್ಲಿ ಏಕಾಂಗಿತನ' ಎಂಬುದು ಪ್ರಶ್ನೆಯಲ್ಲ. ಒಂದು ಕತೆಯಲ್ಲಿ ಬಾಗಿಲುಗಳು ಯಾವಾಗ ತೆರೆಯುತ್ತವೆ, ಯಾರು ತೆರೆಯುತ್ತಾರೆ, ಅದರಿಂದ ಮನೆಯೊಳಗಿನ ಅಧಿಕಾರದ ಬಗ್ಗೆ ಏನು ಗೊತ್ತಾಗುತ್ತದೆ ಎಂಬುದು ಪ್ರಶ್ನೆ. ಲೇಖಕನ ಜೀವನ ಚರಿತ್ರೆಗೆ ಮೂರು ಪುಟ ಕೊಡುವುದು ನಮ್ಮ ಕಡೆಯ ಅಭ್ಯಾಸ, ಅಲ್ಲಿ ಅದಕ್ಕೆ ಅಂಕವಿಲ್ಲ. ಕಥಾಸಾರಕ್ಕೂ ಇಲ್ಲ.

ಹಳದಿ ರಟ್ಟಿನ ಅಗ್ಗದ ರೆಕ್ಲಾಮ್ ಪುಸ್ತಕ ಕ್ಲಾಸಿಗೆ ಸಾಕು. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಸಂಶೋಧಿತ ಆವೃತ್ತಿ ಇದ್ದರೆ ಅದನ್ನೇ ಬಳಸಬೇಕು. ಗ್ರಂಥಾಲಯದಲ್ಲಿ ಇಲ್ಲದ್ದನ್ನು ಬೇರೆ ಊರಿನ ಗ್ರಂಥಾಲಯದಿಂದ ಅಲ್ಪ ಶುಲ್ಕಕ್ಕೆ ತರಿಸಿಕೊಡುತ್ತಾರೆ, ಬರಲು ಒಂದೆರಡು ವಾರ ಹಿಡಿಯಬಹುದು.

ಇನ್ನು ಭಾಷೆ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಂಗ್ಲಿಷಿನವರಿಗೆ ತಲೆನೋವು, ಕನ್ನಡದವರಿಗೆ ಸಹಜ. ನಮಗೆ ಪೆಟ್ಟು ಬೀಳುವುದು ಪರೋಕ್ಷ ಉಕ್ತಿಯಲ್ಲಿ. ವಿಮರ್ಶಕನ ಮಾತನ್ನು ವರದಿ ಮಾಡುವಾಗ ಜರ್ಮನ್ ಬರಹ ಕ್ರಿಯಾಪದದ ರೂಪವನ್ನೇ ಬದಲಿಸುತ್ತದೆ: 'ಇಸ್ಟ್' ಹೋಗಿ 'ಝೈ' ಬರುತ್ತದೆ. 'ನಿರೂಪಕ ನಂಬಲರ್ಹನಲ್ಲ' ಎಂಬುದನ್ನು 'ಇಸ್ಟ್' ಹಾಕಿ ಬರೆದರೆ ಅದು ನಿಮ್ಮ ಮಾತು, 'ಝೈ' ಹಾಕಿದರೆ ಅವನ ಮಾತು. ನಮ್ಮಲ್ಲಿ 'ಅಂತೆ' ಮಾಡುವ ಕೆಲಸ ಇದು: 'ನಂಬಲರ್ಹನಲ್ಲವಂತೆ'. ಆದರೆ 'ಅಂತೆ'ಯಲ್ಲಿ ಇರುವ ಸಣ್ಣ ಅನುಮಾನದ ಎಳೆ 'ಝೈ'ನಲ್ಲಿ ಇಲ್ಲ, ಅದು ತಟಸ್ಥ. ವಾಕ್ಯ ಬರೆದ ಮೇಲೆ ಮನಸ್ಸಿನಲ್ಲೇ 'ಅಂತೆ' ಸೇರಿಸಿ ನೋಡಿ. ಕೂತರೆ ಕ್ರಿಯಾಪದ ಬದಲಿಸಿ. ಹಾಗೆ ಮಾಡದೆ ಅಡಿಟಿಪ್ಪಣಿಯನ್ನೂ ಮರೆತರೆ ಇನ್ನೊಬ್ಬರ ಅಭಿಪ್ರಾಯ ನಿಮ್ಮದಾಗಿ ನಿಲ್ಲುತ್ತದೆ. ಕೊನೆಯ ಪುಟದಲ್ಲಿ 'ಇದು ನನ್ನ ಸ್ವಂತ ಕೆಲಸ' ಎಂದು ಸಹಿ ಹಾಕಿರುತ್ತೀರಿ, ಆಗ ಅದು ವ್ಯಾಕರಣ ದೋಷವಾಗಿ ಉಳಿಯುವುದಿಲ್ಲ, ಕೃತಿಚೌರ್ಯವಾಗುತ್ತದೆ.

ಕೊನೆಯ ಪ್ರಬಂಧಕ್ಕೆ ಒಂದು ವಿಷಯ

ಪದವಿಯ ಕೊನೆಗೆ 30ರಿಂದ 40 ಪುಟದ ಪ್ರಬಂಧ ಬರೆಯಬೇಕು. ಗೊಯಥೆಯಂಥ ಮಹಾಕವಿಯ ಮೇಲೆ ಹೊಸದು ಹೇಳುವುದು ಬ್ಯಾಚುಲರ್ ವಿದ್ಯಾರ್ಥಿಗೆ ಸುಲಭವಲ್ಲ. ಕನ್ನಡ ಬಲ್ಲವರಿಗೆ ಮಾತ್ರ ದಕ್ಕುವ ಒಂದು ಹೊಲ ಖಾಲಿ ಬಿದ್ದಿದೆ: ಬಾಸೆಲ್ ಮಿಷನ್ನಿನ ಕಾಗದಪತ್ರ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹೆರ್ಮನ್ ಮ್ಯೋಗ್ಲಿಂಗ್ ಟ್ಯುಬಿಂಗೆನ್‌ನಲ್ಲಿ ಓದಿದವರು, 1894ರ ನಿಘಂಟಿನ ಫೆರ್ಡಿನಾಂಡ್ ಕಿಟ್ಟೆಲ್ ತೀರಿಕೊಂಡದ್ದೂ ಟ್ಯುಬಿಂಗೆನ್‌ನಲ್ಲೇ. ಮಿಷನರಿಗಳು ಕರಾವಳಿಯಿಂದ ಬರೆದ ಜರ್ಮನ್ ವರದಿ, ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇವೆ. ಪ್ರವಾಸ ಕಥನ, ಅನುವಾದ, ನಿಘಂಟುಶಾಸ್ತ್ರ ಯಾವ ಕಡೆಯಿಂದಲೂ ಅವನ್ನು ಓದಬಹುದು, ಮಾರ್ಗದರ್ಶಕರು ಒಪ್ಪಬೇಕು ಅಷ್ಟೇ.

ಅಡ್ಡಿ ಲಿಪಿಯದು. 19ನೇ ಶತಮಾನದ ಜರ್ಮನ್ ಕೈಬರಹ 'ಕುರೆಂಟ್'. ಅದರಲ್ಲಿ ಸಣ್ಣ 'ಇ' ಮತ್ತು 'ಎನ್' ಎರಡೂ ಒಂದೇ ರೀತಿಯ ಚೂಪು ಗೀಟುಗಳ ಹಾಗೆ ಕಾಣುತ್ತವೆ, 'ಯು' ಗುರುತಿಸಲು ಅದರ ಮೇಲಿನ ಕೊಂಕು ನೋಡಬೇಕು. ಈಗಿನ ಜರ್ಮನ್ ವಿದ್ಯಾರ್ಥಿಗಳಿಗೂ ಇದು ಬರುವುದಿಲ್ಲ. ಇತಿಹಾಸ ವಿಭಾಗದಲ್ಲಿ, ಪತ್ರಾಗಾರಗಳಲ್ಲಿ ಓದುವ ಅಭ್ಯಾಸದ ತರಗತಿ ನಡೆಯುತ್ತವೆ. ಮೂರನೇ ಅಥವಾ ನಾಲ್ಕನೇ ಸೆಮೆಸ್ಟರಿನಲ್ಲೇ ಸೇರಿಕೊಳ್ಳಿ, ದಿನಕ್ಕೆ ಅರ್ಧ ಪುಟ ನಕಲು ಮಾಡಿ. ಆರನೆಯದರಲ್ಲಿ ಶುರು ಮಾಡಿದರೆ ಪ್ರಬಂಧದ ಸಮಯವೆಲ್ಲ ಅಕ್ಷರ ಬಿಡಿಸುವುದರಲ್ಲೇ ಹೋಗುತ್ತದೆ.