ಹಿತ್ತಲ ಮಡಿಗೆ ಅಪ್ಸೆಣಬಿನ ಹಸಿರೆಲೆ ಗೊಬ್ಬರ

ಬೇಸಿಗೆ ತರಕಾರಿ ಮುಗಿದು ಮಡಿ ಖಾಲಿ ಬಿದ್ದಿದ್ದರೆ ಮೇ ತಿಂಗಳ ಹದ ಮಳೆಗೇ ಅಪ್ಸೆಣಬಿನ (ನಾರು ಕೊಡುವ ದ್ವಿದಳ ಗಿಡ) ಬೀಜ ಚೆಲ್ಲಿಬಿಡಿ. ಎಳೆಯದಿರುವಾಗಲೇ ಕಡಿದು ಮಣ್ಣಿಗೆ ಬೆರೆಸಿದರೆ ಅದೇ ಹಸಿರೆಲೆ ಗೊಬ್ಬರ. ಜೂನ್ ಕೊನೆಗೆ ಮಣ್ಣಿಗೆ ಸೇರಿಸಿದರೆ ಜುಲೈ ಮಧ್ಯದ ನಂತರ ಬದನೆ, ಮೆಣಸಿನ ಸಸಿ ನೆಡಬಹುದು. ನೀರು ನಿಲ್ಲುವ ಜಾಗ ಅಥವಾ ಚೌಳು ಮಣ್ಣಾದರೆ ಹಸಿರೆಲೆ ಗೊಬ್ಬರದ ಇನ್ನೊಂದು ಗಿಡವಾದ ಡಯಾಂಚವೇ ಸರಿ. ಅಲಸಂದೆಯೂ ಆಗುತ್ತದೆ, ಆದರೆ ಹಿಂದಿನ ಟೊಮೆಟೊ ಬೇರಿನಲ್ಲಿ ಜಂತುಹುಳುವಿನ (ಬೇರಿನೊಳಗೆ ಸೇರಿ ಅದನ್ನು ಊದಿಸುವ ಅತಿ ಸಣ್ಣ ಹುಳು) ಗಂಟು ಕಂಡಿದ್ದರೆ ಅದು ಬೇಡ. ಆ ಹುಳು ಅಲಸಂದೆ ಬೇರಲ್ಲೂ ಬೆಳೆಯುತ್ತದೆ, ಅಪ್ಸೆಣಬಿನಲ್ಲಿ ಕುಗ್ಗುತ್ತದೆ.

ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ 50ರಿಂದ 60 ಗ್ರಾಂ ಬೀಜ ಸಾಕು. ತೆಳ್ಳಗೆ ಬಿತ್ತಿದರೆ ಗಿಡ ಕವಲೊಡೆದು ಕಾಂಡ ದಪ್ಪವಾಗುತ್ತದೆ, ನಡುವೆ ಕಳೆಯೂ ನುಗ್ಗುತ್ತದೆ. ಮೇಲ್ಮಣ್ಣು ಕೆದಕಿ, ಬೀಜ ಚೆಲ್ಲಿ, ಒಂದಿಂಚಿನಷ್ಟು ಮಣ್ಣು ಎಳೆಯಿರಿ. ಡಯಾಂಚದ ಬೀಜದ ಸಿಪ್ಪೆ ಗಡುಸು, ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಯೂರಿಯಾ ಹಾಕಲೇಬೇಡಿ, ಮಣ್ಣಲ್ಲೇ ಸಾರಜನಕ ಸಿಕ್ಕರೆ ಗಾಳಿಯ ಸಾರಜನಕ ಹಿಡಿಯುವ ಬೇರುಗಂಟನ್ನು ಗಿಡ ಸರಿಯಾಗಿ ಕಟ್ಟುವುದಿಲ್ಲ.

ತಿಂಗಳಾದ ಮೇಲೆ ಒಂದು ಗಿಡವನ್ನು ಮಣ್ಣುಸಮೇತ ಅಗೆದು ನೀರಲ್ಲಿ ಅಲುಗಿಸಿ ನೋಡಿ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿಂದ ತಳ್ಳಿದರೆ ಕಳಚುತ್ತದೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಜಂತುಹುಳುವಿನದಾದರೆ ಬೇರೇ ಊದಿರುತ್ತದೆ, ಕಳಚುವುದಿಲ್ಲ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ಅಲಸಂದೆ ಗುಂಪಿನ ರೈಜೋಬಿಯಂ (ಬೇರುಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಲೇಪಿಸಿ.

ಕೆಲಸ ಕೆಡುವುದು ಹೆಚ್ಚಾಗಿ ಕಡಿಯುವ ಹೊತ್ತಿನಲ್ಲಿ. ಮೊಗ್ಗು ಮೂಡಿ ಒಂದೆರಡು ಹಳದಿ ಹೂ ಕಂಡ ಕೂಡಲೇ, ಅಂದರೆ 45ರಿಂದ 50 ದಿನಕ್ಕೆ, ಕಡಿಯಿರಿ. ಹೂ ಬರದಿದ್ದರೂ 50 ದಿನ ದಾಟಿಸಬೇಡಿ. ಕಾಂಡ ಬಗ್ಗಿಸಿದಾಗ ಲಟಕ್ಕೆಂದು ಮುರಿದರೆ ಹದ. ಮುರಿಯದೆ ನಾರು ಸುಲಿದು ಬಂದರೆ ತಡವಾಯಿತು. ಹಗ್ಗ ಹೊಸೆಯುವ ಗಿಡವಲ್ಲವೇ! ಬಲಿತ ನಾರು ಕರಗಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಹೊಸ ಸಸಿ ಹಳದಿಯಾಗುತ್ತದೆ. ಕಡಿಯುವುದು ತಡವಾಗಿದ್ದರೆ ಸೊಪ್ಪು, ತುದಿಯನ್ನಷ್ಟೇ ಮಣ್ಣಿಗೆ ಸೇರಿಸಿ, ದಂಟನ್ನು ಗೊಬ್ಬರದ ಗುಂಡಿಗೆ ಹಾಕಿ.

ಕುಡುಗೋಲಿನಿಂದ ಬುಡಕ್ಕೆ ಕೊಯ್ದು ಅರ್ಧ ಗೇಣಿನ ತುಂಡು ಮಾಡಿ, ಅಂದೇ ಗುದ್ದಲಿಯಿಂದ ನಾಲ್ಕರಿಂದ ಆರಿಂಚಿನವರೆಗೆ ಬೆರೆಸಿ. ಇನ್ನೂ ಆಳಕ್ಕೆ ಹೂತರೆ ಗಾಳಿಯಾಡದೆ ನಾರುತ್ತದೆ. ಮಳೆ ಕೈಕೊಟ್ಟರೆ ನೀರು ಹಾಯಿಸಿ, ಒಣ ಮಣ್ಣಲ್ಲಿ ಸೊಪ್ಪು ಕೊಳೆಯುವುದಿಲ್ಲ.

ಸಸಿ ನೆಡಲು ಎರಡು ಮೂರು ವಾರ ಬಿಡಿ. ಮೂಲಂಗಿ, ಹುರುಳಿಕಾಯಿಯಂಥ ಬೀಜಕ್ಕೆ ಇನ್ನೊಂದು ವಾರ ಕಾಯಿರಿ. ಹಸಿ ಸೊಪ್ಪು ಕೊಳೆಯುವಾಗ ಮೊಳಕೆ ಸಾಯಿಸುವ ಶಿಲೀಂಧ್ರಗಳು ಹೆಚ್ಚುತ್ತವೆ. ಅಗೆದಾಗ ಎಲೆಯ ಆಕಾರ ಗುರುತು ಸಿಗುತ್ತಿದ್ದರೆ ಇನ್ನೂ ಸಮಯವಾಗಿಲ್ಲ.

ಇದರಿಂದ ರಂಜಕ, ಪೊಟ್ಯಾಷ್ ಹೊಸದಾಗಿ ಬರುವುದಿಲ್ಲ. ನೆಡುವಾಗ ಪ್ರತಿ ಗುಳಿಗೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಸೌದೆ ಒಲೆಯ ಬೂದಿ ಹಾಕಿ. ಚೌಳು ಮಣ್ಣಿಗೆ ಬೂದಿ ಬೇಡ.